ಗೇರು ಹಾಕುವ ಕೈ

ನನ್ನ ಓದು ಬರೆಹ ಅಷ್ಟಕ್ಕಷ್ಟೇ. ಸಾಲಿಯಲ್ಲಿ ಕಲಿತದ್ದು ನನ್ನ ಹೆಸರು; ಅಂಕಿ ಕಲಿತದ್ದು ಜೀಪಿನ ಗೇರಿನ ಗುಂಡಿನ ಮೇಲೆ. ಅದರಲ್ಲಿ ನಾಲ್ಕರವರೆಗೆ ಇತ್ತು. ನಾನೂ ಅಲ್ಲಿಗೇ ನಿಂತೆ.

ನಮ್ಮನೆಯವರು ಬಸವಕಲ್ಯಾಣದಿಂದ ಹುಮನಾಬಾದಿಗೆ ಜೀಪು ಹೊಡೆಯುತ್ತಿದ್ದರು. ಮುಂದಿನ ಸೀಟಿನಲ್ಲೇ ಐದು ಜನ. ಅವರು ಅರ್ಧ ಮೈ ಹೊರಗೆ ಹಾಕಿ ಸ್ಟೇರಿಂಗ್ ಹಿಡಿದರೆ ಎಡಗೈ ಗೇರಿಗೆ ಎಟುಕುತ್ತಿರಲಿಲ್ಲ. ಗೇರು ಪಕ್ಕದಲ್ಲಿ ಕೂತವರ ಮೊಣಕಾಲ ನಡುವೆ ಇರುತ್ತಿತ್ತು. ಮಾಣಿಕನಗರದಲ್ಲಿ ಹೂವು ಮಾರಲು ನಾನು ಹೇಗೂ ದಿನಾ ಹೋಗುತ್ತಿದ್ದೆ. ಆ ಜಾಗ ನನಗೇ ಕಾಯಂ ಆಯಿತು. ಅವರು ಕ್ಲಚ್ ತುಳಿದು "ಹಾಕು" ಅನ್ನುವುದು, ನಾನು ಹಾಕುವುದು. ಆಮೇಲಾಮೇಲೆ ಹೇಳುವುದೂ ಬೇಕಾಗಲಿಲ್ಲ. ಇಂಜಿನ್ ನರಳಿದರೆ ಕೈ ತಾನೇ ಹೋಗುತ್ತಿತ್ತು.

ಸಂಸಾರ ಅಂದರೆ ಎರಡು ಗಾಲಿಯ ಬಂಡಿ ಎನ್ನುತ್ತಾರೆ ತಿಳಿದವರು. ಅವರು ಜೀಪಿನಲ್ಲಿ ಕೂತವರಲ್ಲ. ಜಗಳವಾದ ದಿನ ನಾನು ಕೈಕಟ್ಟಿ ಕೂತುಬಿಡುತ್ತಿದ್ದೆ. ಗಾಡಿ ಎರಡನೇ ಗೇರಿನಲ್ಲೇ ಒದರುತ್ತಾ ರಾಜೇಶ್ವರದವರೆಗೂ ಹೋಗುತ್ತಿತ್ತು. ಒಮ್ಮೆ ಹಿಂದಿನಿಂದ ಮುಡಬಿಯ ಮುದುಕನೊಬ್ಬ, "ಹಾಕಿಬಿಡವ್ವಾ ತಾಯಿ, ನಿಮ್ಮ ಜಗಳದಾಗ ನನ್ನ ಕಚೇರಿ ಬಾಗಲಾ ಮುಚ್ಚತದ" ಅಂದ. ಹಾಕಿದೆ. ಮುದುಕನ ಸಲುವಾಗಿ.

ನಮ್ಮನೆಯವರು ತೀರಿಹೋದರು. ಜೀಪನ್ನೂ ಮಾರಿದೆವು. ನಾನು ಹೆಚ್ಚು ಅಳಲಿಲ್ಲ. ಆದರೆ ಬಸ್ಸಿನಲ್ಲಿ ಡ್ರೈವರ್ ಗೇರು ಬದಲಿಸಲು ತಡ ಮಾಡಿದರೆ ಮಡಿಲಲ್ಲಿದ್ದ ಬಲಗೈ ಏಳುತ್ತಿತ್ತು. ಎದ್ದು, ಏನೂ ಸಿಗದೆ, ಸೆರಗು ಸರಿಮಾಡಿ ಕೂರುತ್ತಿತ್ತು.

ದವಾಖಾನೆಯಲ್ಲಿ ನರ್ಸಾಗಿರುವ ಮಗಳು ಸಣ್ಣ ಕಾರು ತೆಗೆದುಕೊಳ್ಳುತ್ತೇನೆ ಅಂದಾಗ ಜೊತೆಗೆ ಹೋದೆ. ಒಂದೇ ಕಾರಿನಲ್ಲಿ ಮೂರು ತರಹವಂತೆ: ನಾಲ್ಕು ಗೇರಿನದು, ಐದು ಗೇರಿನದು, ಗೇರು ತಾನೇ ಬದಲಿಸಿಕೊಳ್ಳುವುದು. ಅಂಗಡಿಯವನು ಮೂರನೆಯದನ್ನೇ ಹೊಗಳಿದ. ಮಗಳಿಗೂ ಅದೇ ಮನಸ್ಸಿತ್ತು. ಓಡಿಸಿ ನೋಡಲು ಹೊರಟೆವು. ಸ್ಟೇರಿಂಗ್ ಮಗಳ ಕೈಯಲ್ಲಿ, ನಾನು ಅವಳ ಪಕ್ಕದಲ್ಲಿ, ಅವನು ಹಿಂದೆ. ಏರಿನಲ್ಲಿ ಇಂಜಿನ್ ನರಳಿತು. ನನ್ನ ಕೈ ಹೋಯಿತು, ನಡುವಿನ ಹಿಡಿಕೆಯನ್ನು ಮುಂದಕ್ಕೆ ದೂಡಿತು. ಕಾರು ಸುಮ್ಮನೆ ಅರಚತೊಡಗಿತು, ಎಳೆಯುವುದನ್ನು ಬಿಟ್ಟಿತು.

"ಮುಟ್ಟಬ್ಯಾಡ್ರಿ ಆಯಿ," ಅಂದ ಅಂಗಡಿಯವನು. "ಇದಕ್ಕ ಯಾರದೂ ಕೈ ಬೇಕಾಗಂಗಿಲ್ರಿ."

ಅವನು ಹೇಳಿದ್ದು ಸರಿಯೇ. ಮೊಣಕಾಲು ನೋಯುವವರಿಗೆ ಅದು ಒಳ್ಳೆಯ ಗಾಡಿ. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮಗಳು ಅದನ್ನು ನೋಡಿದಳು. ಮುಂದಿನ ವಾರ ಐದು ಗೇರಿನದನ್ನು ತಂದಳು.

ಹುಮನಾಬಾದಿನಿಂದ ಬರುವಾಗ ಡಾಂಬರು ರಸ್ತೆಗೆ ಹತ್ತಿದ ಕೂಡಲೇ ಕ್ಲಚ್ ತುಳಿದು, "ಹಾಕವ್ವಾ" ಅಂದಳು. ಎರಡು ಹಾಕಿದೆ, ಮೂರು ಹಾಕಿದೆ, ನಾಲ್ಕೂ ಬಿತ್ತು. ಅವಳು ಮತ್ತೆ ತುಳಿದಳು.

"ಐದನೇದು ನನಗ ಬರಂಗಿಲ್ಲ," ಅಂದೆ. "ನಿಮ್ಮಪ್ಪನ ಗಾಡ್ಯಾಗ ಇರಲಿಲ್ಲ."

"ಬಲಕ್ಕ ತಂದು ಮುಂದಕ್ಕ ದೂಡು."

ದೂಡಿದೆ. ಇಂಜಿನ್ನಿನ ಸದ್ದು ತಗ್ಗಿತು. ಆ ಸದ್ದನ್ನು ಅವರು ಕೇಳಿರಲಿಲ್ಲ. ಕೇಳಿದ್ದರೆ, ತಡಮಾಡಿ ಹಾಕಿದಿ ಅನ್ನುತ್ತಿದ್ದರು. ನಾನು ಮತ್ತೆ ಕೈಕಟ್ಟಿ ಕೂರುತ್ತಿದ್ದೆ.