ಜೋಡಿಸುವ ಭಾಗದಲ್ಲಿ ತಪ್ಪಿರಲಿಲ್ಲ

ತಪ್ಪು ನನ್ನ ಪ್ರೋಗ್ರಾಮಿನಲ್ಲಿತ್ತು. ರೆಹಾನಾಳದ್ದರಲ್ಲಿ ಅಲ್ಲ. ಅದು ನನಗೆ ಅಂದೇ ಗೊತ್ತಿತ್ತು — ಇಷ್ಟು ಹೇಳಲು ಇಷ್ಟು ವರ್ಷ ಬೇಕಾದವು.

ನಾನು ರೋಣದವಳು, ಅವಳು ಗಜೇಂದ್ರಗಡದವಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬರೇ ಗೈಡ್ ಕೈಕೆಳಗೆ ಸಂಶೋಧನೆಗೆ ಸೇರಿದ್ದೆವು. ಸೇತುವೆಯೊಂದು ಭಾರವನ್ನು ಹೇಗೆ ತಾಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಸೇತುವೆಯ ಆಕಾರವನ್ನು ಬಲೆಯಂತೆ ಸಣ್ಣ ಸಣ್ಣ ತುಂಡುಗಳಾಗಿಸಿ — ಅದಕ್ಕೆ ಮೆಶ್ ಎನ್ನುತ್ತಾರೆ — ಹಲವು ಪ್ರೊಸೆಸರುಗಳಿಗೆ ಹಂಚಬೇಕು. ಹಂಚುವ ಭಾಗ ನನ್ನದು. ಅವುಗಳ ಉತ್ತರಗಳನ್ನು ಜೋಡಿಸುವ ಭಾಗ ಅವಳದು.

ಒಂದೇ ಪ್ರೊಸೆಸರಿನಲ್ಲಿ ಲೆಕ್ಕ ಸರಿ ಬರುತ್ತಿತ್ತು. ಹಂಚಿದರೆ ಮಾತ್ರ, ಕತ್ತರಿಸಿದ ಗೆರೆಯುದ್ದಕ್ಕೂ ಇಲ್ಲದ ಒತ್ತಡ ಕೆಂಪಗೆ ಕಾಣುತ್ತಿತ್ತು. ಕಾರಣ ನನಗೆ ಸಿಕ್ಕಿತ್ತು: ಎರಡು ಪಾಲುಗಳಿಗೂ ಸೇರಿದ ಗಡಿಯ ಬಿಂದುಗಳ ಭಾರವನ್ನು ನಾನು ಎರಡೂ ಕಡೆ ಕೊಟ್ಟಿದ್ದೆ, ಅದು ಎರಡು ಸಲ ಲೆಕ್ಕವಾಗುತ್ತಿತ್ತು. ಹೇಳಬೇಕೆಂದೇ ರೆಹಾನಾಳ ಜೊತೆ ಗೈಡ್ ಕೋಣೆಗೆ ಹೋದೆ. ಅವರು ಸಿಟ್ಟಿನಲ್ಲಿದ್ದರು.

"ಯಾರ ಕಡೆ ತಪ್ಪೈತಿ?"

"ಜೋಡಸೋ ಭಾಗದಾಗ ನೋಡಬೇಕ್ರಿ ಸರ್," ಎಂದುಬಿಟ್ಟೆ.

ರೆಹಾನಾ ಪಕ್ಕದಲ್ಲೇ ನಿಂತಿದ್ದಳು. "ನೀ ಹೇಳ್ತಿ ಅಂದ್ರ ಇರಬೇಕು. ನೋಡ್ತೀನಿ" ಎಂದಳು.

ತಿಂಗಳುಗಟ್ಟಲೆ ನೋಡಿದಳು. ಇಲ್ಲದ ತಪ್ಪು ಸಿಗುವುದೆಲ್ಲಿಂದ? ನಾನು ಪಕ್ಕದಲ್ಲಿ ಕೂತು ಅವಳಿಗೆ ಚಹಾ ತರಿಸಿಕೊಡುತ್ತಿದ್ದೆ — ಚಹಾ! ಕೊನೆಗೆ ಅವಳು ಸಂಶೋಧನೆ ಬಿಟ್ಟು ಊರಿಗೆ ಹೋದಳು. ಆಮೇಲೆ ನನ್ನ ಭಾಗವನ್ನು ಸದ್ದಿಲ್ಲದೆ ತಿದ್ದಿದೆ. ಡಾಕ್ಟರೇಟ್ ಬಂತು, ನೌಕರಿಯೂ ಬಂತು.

ಈಚೆಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಇಂಥದೇ ತಪ್ಪು ಮಾಡಿ, "ನಂದ ತಪ್ಪ್ರಿ" ಎಂದು ತಾನಾಗಿ ಬಂದು ಹೇಳಿದಳು. ಕೂತಲ್ಲಿ ಕೂರಲಾಗಲಿಲ್ಲ ನನಗೆ. ಆ ವಾರವೇ ಗಜೇಂದ್ರಗಡದ ಬಸ್ ಹತ್ತಿದೆ.

ರೆಹಾನಾ ಅಣ್ಣನ ಬಟ್ಟೆ ಅಂಗಡಿಯಲ್ಲಿದ್ದಳು. "ಏ, ಎಷ್ಟ ದಿನಕ್ಕ ಬಂದಿ! ಬಾ ಒಳಗ" ಎಂದು ಕೈ ಹಿಡಿದು ಕೂರಿಸಿದಳು. ಎಲ್ಲ ಹೇಳಿದೆ. ಮಡಚುತ್ತಿದ್ದ ಬಟ್ಟೆ ಅವಳ ಕೈಯಲ್ಲೇ ಉಳಿಯಿತು.

"ನನಗ ತಲಿ ಇಲ್ಲ ಅಂತ ಅಬ್ಬಾಗ ಹೇಳಿದ್ದೆ," ಎಂದಳು. "ಅವರು ಸಾಯೂತನಕ ಒಪ್ಪಲಿಲ್ಲ. ನಾ ಮಾತ್ರ ಖರೇ ಅಂತ ನಂಬಿದ್ದೆ."

ಕ್ಷಮಿಸು ಎನ್ನುವ ಬದಲು ಗೈಡ್‌ಗೆ ಎಲ್ಲ ತಿಳಿಸುತ್ತೇನೆ ಎಂದೆ. ಮರುದಿನ ತಿಳಿಸಿದೆ ಕೂಡ. ಆದರೆ ನಾನು ಹಾಗೆಂದಾಗ ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ.

"ಲಗೂ ಹೊಂಡ್ರಿ, ನಿಮ್ಮ ಬಸ್ ತಪ್ಪತೈತಿ" ಎಂದಳು.

ಅಲ್ಲಿಯವರೆಗೆ ಅವಳು ನನ್ನನ್ನು ಎಂದೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ.