ಇಲಿಗಳಿಗೆ ಕಾಯಲು ಕಲಿಸುವವನು

ಪ್ರಯೋಗಾಲಯದ ಇಲಿಗಳಿಗೆ ಹೊತ್ತಿನ ಅಂದಾಜು ಕಲಿಸುವ ನನ್ನ ಹಳೆಯ ಶಿಷ್ಯನ ಜೇಬಿನಲ್ಲಿ ಸದಾ ಒಂದು ಸ್ಟಾಪ್‌ವಾಚ್ ಇರುತ್ತದೆ. ದೀಪ ಹೊತ್ತಿದ ಮೇಲೆ ಹತ್ತು ಸೆಕೆಂಡು ಕಾದು ಮೂತಿಯಿಂದ ಗುಂಡಿ ಒತ್ತಿದ ಇಲಿಗೆ ಒಂದು ಹನಿ ಹಾಲು. ಅವಸರಪಟ್ಟದ್ದಕ್ಕೆ ಏನೂ ಇಲ್ಲ. “ನಮ್ಮ ಗಂಡಿಲಿಗಳು ಆರಕ್ಕೇ ಒತ್ತಿಬಿಡ್ತವೆ ಮೇಷ್ಟ್ರೇ, ಥೇಟ್ ನಿಮ್ಮ ಕ್ಲಾಸಿನ ಹಿಂದಿನ ಬೆಂಚು. ಹೆಣ್ಣುಗಳು ಗಮನವಿಟ್ಟು ಕಾಯ್ತವೆ,” ಎಂದು ನಗುತ್ತಾನೆ. ಒಲೆಯ ಮೇಲಿನ ನೀರು ಕುದಿಯುವುದಕ್ಕೂ, ನೆಂಟರು “ಬರ್ತೀವಿ” ಎಂದು ಹೇಳಿ ನಿಜವಾಗಿ ಎದ್ದು ಹೋಗುವುದಕ್ಕೂ ಅವನಲ್ಲಿ ಲೆಕ್ಕವಿದೆ. ನಾನು ಕೆಮ್ಮಿದರೂ “ನಾಲ್ಕು ಸೆಕೆಂಡು” ಎಂದು ಗೊಣಗುತ್ತಾನೆ. ಎರಡು ವರ್ಷದಿಂದ ಅವನ ಹೆಂಡತಿಗೆ ಮರೆವಿನ ಕಾಯಿಲೆ. ಬೆಳಗು ಯಾವುದು, ಸಂಜೆ ಯಾವುದು ಎಂಬುದೇ ಅವಳಿಗೆ ತಿಳಿಯದು. ದಿನವೂ ಕೆಲಸ ಮುಗಿಸಿ ಬಂದವನು ಅವಳ ಮಂಚದ ಬದಿಯಲ್ಲಿ ಕುಳಿತು, “ಹತ್ತು ಸೆಕೆಂಡು ಆಯ್ತು ಅನ್ನಿಸಿದಾಗ ನನ್ನ ಕೈ ಒತ್ತು, ಆಯ್ತಾ?” ಎಂದು ಹೇಳಿ ಸ್ಟಾಪ್‌ವಾಚ್ ಶುರುಮಾಡುತ್ತಾನೆ. ಮೊದಮೊದಲು ಹನ್ನೆರಡಕ್ಕೆ ಒತ್ತುತ್ತಿದ್ದಳಂತೆ, ಆಮೇಲೆ ನಲವತ್ತಕ್ಕೆ. ನಿನ್ನೆ ನಾನು ಹೋದಾಗ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಕೈ ಅವನ ಕೈಯಲ್ಲಿತ್ತು. “ಸಾಕು ಬಿಡಪ್ಪ, ಅವಳಿಗೂ ಆಯಾಸ,” ಎಂದೆ. “ಇನ್ನೂ ಒತ್ತಿಲ್ಲ ಮೇಷ್ಟ್ರೇ,” ಎಂದ. ಆಗಲೇ ಇಪ್ಪತ್ತೆರಡು ನಿಮಿಷ ಕಳೆದಿತ್ತು.