ಸಂಡಿಗೆ ಹೊರಸಿನ ಕೆಳಗಿನ ಬದನೆ

ಶ್ರೀರಾಮನಗರದ ನಮ್ಮ ತವರುಮನೆಯಲ್ಲಿ ಗಿಡ ಬೆಳೆಸುವುದೂ ಒಂದು ಕೆಲಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಪಕ್ಕದಲ್ಲೇ ಕಾಲುವೆ, ಅದರಾಚೆ ಭತ್ತದ ಗದ್ದೆ. ಹಿತ್ತಿಲ ನೆಲ ವರ್ಷದ ಬಹುಪಾಲು ಹಸಿಯಾಗಿಯೇ ಇರುತ್ತಿತ್ತು. ಅವ್ವ ಬಸಳೆ ಕಡ್ಡಿ ಎಸೆದರೆ ಅದು ಬಿದ್ದಲ್ಲೇ ಚಿಗುರುತ್ತಿತ್ತು. ನಮ್ಮ ತೊಂದರೆಯೆಲ್ಲ ಹೆಚ್ಚಾದ ನೀರಿನದು. ಬೇರು ಕೊಳೆಯಬಾರದೆಂದು ಮಣ್ಣನ್ನು ಮೊಣಕಾಲೆತ್ತರ ಏರಿಸಿ, ಅದರ ಮೇಲೆ ಬದನೆ, ಮೆಣಸಿನಕಾಯಿ ಹಚ್ಚುತ್ತಿದ್ದೆವು. ಮದುವೆಯಾಗಿ ಕುಷ್ಟಗಿಗೆ ಹೊರಟಾಗ ನಾನು ಸೀರೆಗಳ ನಡುವೆ ಬೀಜದ ಪೊಟ್ಟಣ ಇಟ್ಟುಕೊಂಡಿದ್ದೆ. ಬೇರೇನೂ ಬರದಿದ್ದರೂ ತೋಟ ಮಾಡಲು ಬರುತ್ತದೆ ಎಂಬ ಧೈರ್ಯ ನನ್ನದು.

ಕುಷ್ಟಗಿಯ ಮನೆಯ ಹಿಂದೆ ಒಳ್ಳೇ ಅಗಲವಾದ ಅಂಗಳವಿತ್ತು. ಆದರೆ ಅದು ಅತ್ತೆಯ ಅಂಗಳ. ಬೇಸಿಗೆ ಬಂತೆಂದರೆ ಅತ್ತೆ ಇಡೀ ಬಳಗಕ್ಕೆ ಸಾಲುವಷ್ಟು ಸಂಡಿಗೆ, ಹಪ್ಪಳ ಮಾಡುತ್ತಿದ್ದರು. ಹಗ್ಗ ಹೆಣೆದ ಮಂಚ, ಅಂದರೆ ಹೊರಸಿನ ಮೇಲೆ ಒದ್ದೆ ಪಂಚೆ ಹಾಸಿ, ಸಾಲಾಗಿ ಸಂಡಿಗೆ ಒತ್ತಿ, ಪಕ್ಕದಲ್ಲಿ ಕೋಲು ಹಿಡಿದು ಕೂತರೆ ಕಾಗೆಯೂ ದೂರದಿಂದಲೇ ಕೈಮುಗಿದು ಹೋಗಬೇಕು. ಮರದ ನೆರಳು ಎಂದರೆ ಅವರಿಗೆ ಆಗದು.

"ಗಿಡ ಹಚ್ಚಿದ್ರ ಎಲಿ ಹಾರಿ ಬಂದು ಸಂಡಿಗಿ ಮ್ಯಾಲೆ ಕುಂದ್ರತಾವು," ಎಂದರು.

"ಒಂದು ಮೂಲಿ ಕೊಡ್ರಿ ಅತ್ತಿ, ಸಾಕು."

"ಇವತ್ತು ಮೂಲಿ ಕೊಟ್ರ ನಾಳೆ ಅಂಗಳಾ ಕೇಳ್ತಿ."

ಹಾಗೆಂದರೂ ಕೊಟ್ಟರು. ನಾನು ಸೆರಗು ಸಿಕ್ಕಿಸಿ, ತವರಿನ ಪದ್ಧತಿಯಂತೆ ಮಣ್ಣು ಏರಿಸಿ, ಅಂಚು ತಿದ್ದಿ ಚೆಂದದ ಮಡಿ ಮಾಡಿದೆ. ಸಂಜೆ ಕೆಲಸದಿಂದ ಬಂದ ನನ್ನ ಗಂಡ ಅದನ್ನು ನೋಡಿ, "ಯಾರದು ಈ ಗೋರಿ?" ಎಂದು ಕೇಳಿದರು.

"ಬದನಿಕಾಯಿದು," ಎಂದೆ ಸಿಟ್ಟಿನಿಂದ.

ಮಾತು ನಿಜವೇ ಆಯಿತು. ಹಾಕಿದ ಬೀಜ ಒಂದೂ ಮೊಳೆಯಲಿಲ್ಲ. ಹಾಕಿದ ನೀರೆಲ್ಲ ಎರಡೂ ಮಗ್ಗುಲಿಗೆ ಇಳಿದು ಹೋಗುತ್ತಿತ್ತು. ಉಳಿದ ತೇವವನ್ನು ಗಾಳಿ ಹೀರುತ್ತಿತ್ತು. ಬೋರಿನ ನೀರು ಆರಿದಲ್ಲಿ ಬಿಳಿಯ ಉಪ್ಪಿನ ಪದರ. ಫೋನಿನಲ್ಲಿ ಅವ್ವನಿಗೆ ಹೇಳಿದರೆ, "ಇನ್ನಷ್ಟು ನೀರು ಹಾಕು," ಎಂದಳು. ಎಲ್ಲ ರೋಗಕ್ಕೂ ಅವಳ ಬಳಿ ಇದ್ದದ್ದು ಅದೊಂದೇ ಔಷಧ.

ಮತ್ತೆ ಬೀಜ ಹಾಕಿದೆ. ಈ ಸಲ ಎರಡೆರಡು ಎಲೆ ಬಂದವು. ಒಂದು ಬೆಳಿಗ್ಗೆ ಸಂತೆಗೆ ಹೋಗಿ ಬಂದು ನೋಡುತ್ತೇನೆ, ಅತ್ತೆಯ ಹೊರಸು ನೇರ ನನ್ನ ಮಡಿಯ ಮೇಲೆಯೇ ನಿಂತಿದೆ! ಮೇಲೆ ಸಾಲುಸಾಲು ಅಕ್ಕಿ ಸಂಡಿಗೆ.

"ಅತ್ತಿ, ಕೆಳಗ ನನ್ನ ಸಸಿ ಅದಾವ್ರಿ!"

"ಅದಾವಲ್ಲ, ಇರಲಿ. ನಾ ಏನು ಅವುಗಳ ಮ್ಯಾಲೆ ಕುಂತೀನೇನು? ಹೊರಸಿಗೆ ಕಾಲು ಅದಾವು."

ಪಕ್ಕದವರು ಮನೆಯ ಮೇಲೆ ಮಾಳಿಗೆ ಎತ್ತಿದ್ದರಿಂದ ಬೆಳಗಿನ ಬಿಸಿಲು ಈಗ ಆ ಮೂಲೆಗೇ ಮೊದಲು ಬೀಳುತ್ತಿತ್ತಂತೆ. ನಾನು ಮುಖ ಊದಿಸಿಕೊಂಡು ಒಳಗೆ ಹೋದವಳು ನಾಲ್ಕಾರು ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ಸಂಡಿಗೆ ಒಣಗಿ ಹೊರಸು ಎತ್ತುವಾಗ ಅತ್ತೆಯೇ ಕೂಗಿದರು. "ಏ, ಬಾ ಇಲ್ಲಿ!"

ಹೊರಸಿನ ನೆರಳು ಬಿದ್ದಷ್ಟು ಜಾಗದಲ್ಲಿ ಸಸಿಗಳು ಹಸಿರಾಗಿ ನಿಂತಿದ್ದವು. ಆಚೆಯವು ಸುಟ್ಟು ಕಡ್ಡಿಯಾಗಿದ್ದವು. ಇಬ್ಬರೂ ಬಗ್ಗಿ ನೋಡಿದೆವು.

"ನನ್ನ ಸಂಡಿಗಿ ನೀರು ಕುಡುದು ಹೆಂಗ ಬೆಳದಾವ ನೋಡು," ಎಂದು ಅತ್ತೆ ಪೂರಾ ಶ್ರೇಯಸ್ಸು ತಾವೇ ತೆಗೆದುಕೊಂಡರು. ನಾನು ವಾದ ಮಾಡಲಿಲ್ಲ.

ಅವತ್ತೇ ಗೋರಿ ಕೆಡವಿದೆ. ಪಾತ್ರೆ ತೊಳೆದ ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಹುಲ್ಲು ಹಸಿರಾಗಿರುವುದನ್ನು ದಿನಾ ನೋಡುತ್ತಿದ್ದರೂ ಅದರ ಅರ್ಥ ತಲೆಗೆ ಹೋಗಿರಲಿಲ್ಲ. ಈಗ ಮಡಿಯನ್ನು ಏರಿಸುವ ಬದಲು ಒಂದು ಗೇಣು ಆಳ ತೋಡಿ ತಗ್ಗು ಮಾಡಿದೆ. ಉಳಿದ ಸಸಿಗಳನ್ನು ಅದರಲ್ಲಿ ಹಚ್ಚಿ, ಬುಡಕ್ಕೆ ಶೇಂಗಾ ಸಿಪ್ಪೆ ಹೊದಿಸಿದೆ. ಬದನೆ ಬಿಟ್ಟಿತು. ತವರಿನ ಬದನೆಯ ಅರ್ಧ ಗಾತ್ರ, ತೊಟ್ಟಿಗೆ ಮುಳ್ಳು, ಆದರೆ ರುಚಿ ಮಾತ್ರ ಎರಡರಷ್ಟು. ಎಣ್ಣೆಗಾಯಿ ಮಾಡಿ ರೊಟ್ಟಿಯ ಜೊತೆ ಬಡಿಸಿದಾಗ ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ಪಂಚೆ ಹಿಂಡುತ್ತಾ ಕೇಳಿದರು. "ಹೊರಸು ಇವತ್ತು ಎಲ್ಲಿ ಹಾಕ್ಲಿ?"

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ನನ್ನ ಗಂಡನಿಗೆ ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಮೂವರೂ ಅಲ್ಲಿಯ ಬಾಡಿಗೆ ಮನೆಗೆ ಬಂದೆವು. ಹಿಂದೆ ಪುಟ್ಟ ಅಂಗಳ, ನಲ್ಲಿಯಲ್ಲಿ ಸಿಹಿನೀರು. ಇನ್ನೇನು ಬೇಕು ಎಂದುಕೊಂಡು ಮೆಂತ್ಯ, ಪಾಲಕ, ಕೊತ್ತಂಬರಿ ಹಾಕಿದೆ. ಅತ್ತೆ ಸಂಡಿಗೆ ಇಟ್ಟರು. ಸಂಜೆಗೆ ಬಿಳಿ ಸಂಡಿಗೆ ಬೂದುಬಣ್ಣಕ್ಕೆ ತಿರುಗಿತ್ತು. ನನ್ನ ಮೆಂತ್ಯದ ಎಲೆಯ ಮೇಲೂ ಕಾರ್ಖಾನೆಯ ಅದೇ ನಯವಾದ ಕರಿ ಧೂಳು. ಎಷ್ಟು ತೊಳೆದರೂ ಪಲ್ಯ ಹಲ್ಲಿಗೆ ಕರಕರ ಎನ್ನುತ್ತಿತ್ತು.

"ಇವನ್ನ ರಾಗಿ ಸಂಡಿಗಿ ಅಂತ ಹಂಚಬೇಕಷ್ಟ," ಎಂದು ಅತ್ತೆ ಪಂಚೆ ಕೊಡವಿದರು. ನಕ್ಕರು, ಆದರೆ ಬೇಸರವಾಗಿತ್ತು. ಪಂಚೆ ಮಡಚಿಟ್ಟು ಹೇಳಿದರು. "ಗಾಳಿ ಬರೋ ಕಡೆ ಏನರ ದಟ್ಟ ಹಚ್ಚು. ಧೂಳು ಅಲ್ಲೇ ನಿಂದರಲಿ."

ಗಿಡ ಹಚ್ಚು ಎಂದು ಅವರು ತಾವಾಗಿ ಹೇಳಿದ್ದು ಅದೇ ಮೊದಲು. ಗೋಡೆಯುದ್ದಕ್ಕೂ ದಾಸವಾಳ ಹಚ್ಚಿದೆ, ಅದರ ಮುಂದೆ ತಂತಿ ಕಟ್ಟಿ ಹೀರೆ ಬಳ್ಳಿ ಹಬ್ಬಿಸಿದೆ. ಸೊಪ್ಪಿನ ಆಸೆ ಬಿಟ್ಟು ಸಿಪ್ಪೆ ತೆಗೆದು ತಿನ್ನುವಂಥ ಕಾಯಿಗಳಿಗೆ ಬಂದೆ. ಕೊತ್ತಂಬರಿಯನ್ನು ಮಾತ್ರ ಬಿಡಲಾಗಲಿಲ್ಲ. ಹಳೆಯ ಸೊಳ್ಳೆ ಪರದೆಯನ್ನು ನಡುವೆ ಕತ್ತರಿಸಿ ಅರ್ಧ ಕೊತ್ತಂಬರಿಗೆ, ಅರ್ಧ ಸಂಡಿಗೆಗೆ ಹೊದಿಸಿದೆವು. ಸಂಜೆ ನಾನು ಪೈಪು ಹಿಡಿದು ಎಲೆ ತೊಳೆದರೆ, "ಆ ಕಡೀದು ಬಿಟ್ಟಿ ನೋಡು," ಎಂದು ಅತ್ತೆ ಕಟ್ಟೆಯ ಮೇಲಿಂದ ಉಸ್ತುವಾರಿ ಮಾಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವ್ವ ಬಂದಳು. ನನ್ನ ಬುಟ್ಟಿಯಲ್ಲಿದ್ದ ಹೀರೇಕಾಯಿ ನೋಡಿ, "ಇಷ್ಟೇನಾ?" ಎಂದು ಮೂಗು ಮುರಿದಳು. ಆಮೇಲೆ ಅಂಗಳ ನೋಡಿ, "ಮಣ್ಣು ಏರಿಸಿ ಹಚ್ಚಬೇಕವ್ವ, ಮರತಿಯೇನು?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದರು. "ಏರು ಮಾಡಬ್ಯಾಡ್ರಿ ಬೀಗತಿ. ಅದು ನಿಮ್ಮೂರಿನ ಹಿಕಮತ್ತು. ಬರ್ರಿ, ತೋರಸ್ತೀನಿ." ಅವ್ವನ ಕೈ ಹಿಡಿದು ಗಿಡದಿಂದ ಗಿಡಕ್ಕೆ ಕರೆದೊಯ್ದು, ತಗ್ಗು, ಸಿಪ್ಪೆ, ಪರದೆ ಎಲ್ಲದರ ಮೇಲೆ ಪಾಠ ಮಾಡಿದರು. ಎಲ್ಲವೂ ಅವರೇ ಕಂಡುಹಿಡಿದಂತಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಕ್ಕೆ.

ಈ ವರ್ಷ ಕಾಲುವೆಗೆ ನೀರು ಬಿಡುವುದು ತಡವಾಯಿತು. ಅವ್ವನ ಹಿತ್ತಿಲೂ ಬಿರುಕು ಬಿಟ್ಟಿತು. ಅವಳ ಫೋನು ಬಂದದ್ದು ನನ್ನ ನಂಬರಿಗೆ, ಕೇಳಿದ್ದು ಅತ್ತೆಯನ್ನು. ಮಾತು ಮುಗಿಯುವಷ್ಟರಲ್ಲಿ ಅತ್ತೆ ಚೀಲ ಹುಡುಕುತ್ತಿದ್ದರು. ನಾಲ್ಕು ದಿನಕ್ಕೆಂದು ಅವ್ವನ ಊರಿನ ಕಡೆಯ ಗಂಗಾವತಿ ಬಸ್ಸು ಹತ್ತಿದವರು ಹತ್ತು ದಿನ ಇದ್ದು ಬಂದರು.

"ಸೊಳ್ಳಿ ಭಾಳ, ಊಟ ಛಲೋ," ಎಂದು ವರದಿ ಕೊಟ್ಟು, ಚಹಾ ಕುಡಿದು, ಸಂಡಿಗೆಯ ಹೊರಸಿಗೆ ಜಾಗ ಹುಡುಕುವವರಂತೆ ಮನೆಯ ಮಾಳಿಗೆಯ ಕಡೆ ಕಣ್ಣು ಹಾಯಿಸಿದರು.

"ಮ್ಯಾಲೆ ಧೂಳು ಇನ್ನೂ ಹೆಚ್ಚ್ರಿ ಅತ್ತಿ."

"ಬಿಸಿಲೂ ಹೆಚ್ಚು," ಎಂದರು. ಮನೆಯ ಮಾಲೀಕರನ್ನು ಇನ್ನೂ ಕೇಳಿಲ್ಲ, ಆದರೆ ಮೇಲೆ ಹತ್ತಲು ಏಣಿಯನ್ನು ಪಕ್ಕದ ಮನೆಯಿಂದ ತಂದಿಟ್ಟಾಗಿದೆ.